ಮೊಮ್ಮಗಳ ಎರಡನೇ ಗಿಟಾರ್

ಯಾದಗಿರಿ, ಶಹಾಪುರ, ಸುರಪುರದ ಶಾಖೆಗಳಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದ ಬ್ಯಾಂಕ್ ಗುಮಾಸ್ತ ನಾನು. ಸಂಗೀತದಲ್ಲಿ ನನ್ನ ಬಂಡವಾಳ ಅಷ್ಟಕ್ಕಷ್ಟೇ. ಆದರೂ ಹೋದ ವರ್ಷ ಗಿಟಾರ್ ಕೊಳ್ಳುವ ಕೆಲಸಕ್ಕೆ ಮನೆಯಲ್ಲಿ ನಾನೇ ಓಡಾಡಬೇಕಾಯಿತು. ಯಾಕೆಂದರೆ ಮೊದಲು ತಪ್ಪು ಮಾಡಿದವನೂ ನಾನೇ.

ಶಹಾಪುರದಲ್ಲಿರುವ ನನ್ನ ಮಗನ ಮಗಳು ಈಗ ಎಂಟನೇ ತರಗತಿ. ಎರಡು ವರ್ಷದ ಹಿಂದೆ ಅವಳ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ಒಂದು ಗಿಟಾರ್ ತರಿಸಿಕೊಟ್ಟಿದ್ದೆ. ಬೆಲೆ 2,800 ರೂಪಾಯಿ. ಚೀಲ, ಬೆಲ್ಟು ಪುಕ್ಕಟೆ. ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕು ಜನರ ಮುಂದೆ ಹೇಳಿಕೊಂಡೆ. ಹುಡುಗಿ ಮೊಬೈಲ್‌ನಲ್ಲಿ ಪಾಠ ನೋಡಿ ಆರು ತಿಂಗಳಲ್ಲಿ ನಾಲ್ಕು ಹಾಡು ಕಲಿತಳು. ಆಮೇಲೆ ಗಿಟಾರ್ ಅಲಮಾರಿನ ಮೇಲೆ ಹೋಯಿತು.

“ಯಾಕವ್ವಾ, ಬಿಟ್ಟೇಬಿಟ್ಟೇನು?” ಎಂದೆ.

“ಬೆರಳು ಬ್ಯಾನಿ ಆಗ್ತಾವ ಮುತ್ಯಾ.”

“ಕಲಿಯೂದಂದ್ರ ಬ್ಯಾನಿ ಇರೂದ. ಮೈಗಳ್ಳತನ ಮಾಡಬ್ಯಾಡ.”

ಅವಳು ಎದ್ದು ಒಳಗೆ ಹೋದಳು. ಮುಂದೆ ತಿಂಗಳುಗಟ್ಟಲೆ ಗಿಟಾರಿನ ಮಾತೇ ಎತ್ತಲಿಲ್ಲ.

ಸುರಪುರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ನಾನು ಅಲ್ಲಿದ್ದಾಗ ಅವರ ಉಳಿತಾಯ ಖಾತೆ ತೆರೆದುಕೊಟ್ಟಿದ್ದೆ. ಭಜನೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವರು. ತಂತಿಯ ವಿಷಯ ಬಲ್ಲವರು. ಒಂದು ಮದುವೆಗೆಂದು ಆ ಕಡೆ ಹೊರಟಾಗ ಗಿಟಾರನ್ನೂ ಒಯ್ದೆ. ಅವರು ಒಂದು ತಂತಿಯನ್ನು ಒತ್ತಿ ನೋಡಿ ನಕ್ಕರು. “ಸಾಹೇಬ್ರ, ಇದು ಗಿಟಾರ್ ಅಲ್ರಿ, ಬಿಲ್ಲು ಐತಿ. ಬಾಣ ಹಚ್ರಿ!”

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂಡಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ಹನ್ನೆರಡನೇ ಫ್ರೆಟ್ ಮೇಲೆ ಸ್ಕೇಲ್ ಇಟ್ಟರೆ ತಂತಿ 5 ಮಿಲಿಮೀಟರ್ ಎತ್ತರದಲ್ಲಿತ್ತು. ಉಕ್ಕಿನ ತಂತಿಯ ಗಿಟಾರಿಗೆ ಸಾಮಾನ್ಯವಾಗಿ 2ರಿಂದ 2.5 ಮಿ.ಮೀ. ಇದ್ದರೆ ಸಾಕು. ಅಂದರೆ ಇಷ್ಟು ದಿನ ಆ ಮಗು ತಂತಿಯನ್ನು ಎರಡು ಪಟ್ಟು ದೂರ ಒತ್ತುತ್ತಿತ್ತು. ನಾನು ಅದನ್ನು ಮೈಗಳ್ಳತನ ಎಂದಿದ್ದೆ.

ಅವರು ತಂತಿ ಸಡಿಲಿಸಿ, ಕೆಳಗಿನ ಬಿಳಿ ಪಟ್ಟಿಯನ್ನು ತೆಗೆದರು. ಅದಕ್ಕೆ ಸ್ಯಾಡಲ್ ಎಂದು ಹೆಸರು. ನಮ್ಮ ವೀಣೆಯ ಕುದುರೆ ಮಾಡುವ ಕೆಲಸವೇ ಅದರದು. ಅದರ ತಳವನ್ನು ಉಪ್ಪುಕಾಗದದ ಮೇಲೆ ತಿಕ್ಕಿ 2 ಮಿ.ಮೀ. ಇಳಿಸಿದರು. ಆದರೆ ಅಲ್ಲಿ ಎರಡು ಇಳಿಸಿದರೆ ಹನ್ನೆರಡನೇ ಫ್ರೆಟ್ ಹತ್ತಿರ ಇಳಿಯುವುದು ಒಂದೇ. ಇನ್ನೂ ತಿಕ್ಕಲು ಪಟ್ಟಿಯೇ ಉಳಿದಿರಲಿಲ್ಲ. ತಂತಿಗಳ ಎಳೆತಕ್ಕೆ ಗಿಟಾರಿನ ಹೊಟ್ಟೆ ಉಬ್ಬಿತ್ತು.

ಇನ್ನೊಂದು ದೋಷ ನಾನೇ ಕಂಡುಹಿಡಿದೆ. ಮಕ್ಕಳೇ, ನೀವೂ ಟೇಪು ಹಿಡಿದು ನೋಡಬಹುದು. ಪ್ರತಿ ಫ್ರೆಟ್‌ಗೂ ಉಳಿದ ತಂತಿಯ ಉದ್ದದಲ್ಲಿ ಸುಮಾರು ಶೇ. 5.6 ಕಡಿಮೆಯಾಗುತ್ತದೆ. ತಂತಿ 65 ಸೆಂ.ಮೀ. ಇದ್ದರೆ ಮೊದಲ ಮನೆ 3.65 ಸೆಂ.ಮೀ., ಎರಡನೆಯದು 3.44, ಹೀಗೆ ಚಿಕ್ಕದಾಗುತ್ತ ಹೋಗುತ್ತದೆ. ಬಿ.ಕಾಂ. ಓದುವಾಗ ಯಂತ್ರಗಳ ಸವಕಳಿ ಲೆಕ್ಕ ಹಾಕುತ್ತಿದ್ದೆವಲ್ಲ, ಥೇಟ್ ಅದೇ! ಹನ್ನೆರಡನೇ ಫ್ರೆಟ್‌ಗೆ ಸರಿಯಾಗಿ ಅರ್ಧ ಉಳಿಯುತ್ತದೆ. ಸ್ವರ ಮೇಲಿನ ಷಡ್ಜಕ್ಕೆ ಹೋಗುತ್ತದೆ. ಆದ್ದರಿಂದ ಕತ್ತಿನ ತುದಿಯಿಂದ ಹನ್ನೆರಡನೇ ಫ್ರೆಟ್‌ವರೆಗೆ ಎಷ್ಟೋ, ಅಲ್ಲಿಂದ ಸ್ಯಾಡಲ್‌ವರೆಗೆ ಹೆಚ್ಚುಕಡಿಮೆ ಅಷ್ಟೇ ಇರಬೇಕು. ದಪ್ಪ ತಂತಿಗೆಂದು ಕೆಲವು ಮಿ.ಮೀ. ಹೆಚ್ಚು ಬಿಡುವುದುಂಟು. ನಮ್ಮದರಲ್ಲಿ 8 ಮಿ.ಮೀ. ವ್ಯತ್ಯಾಸ. ಅವಳು ಎಷ್ಟು ಶ್ರುತಿ ಮಾಡಿದರೂ ಮೇಲಿನ ಸ್ವರಗಳು ತಗ್ಗಿಯೇ ನುಡಿಯುತ್ತಿದ್ದವು. ಇದಕ್ಕೆ ಉಪ್ಪುಕಾಗದದಲ್ಲಿ ಮದ್ದಿಲ್ಲ.

ಶಹಾಪುರಕ್ಕೆ ಹೋಗಿ, “ತಪ್ಪು ನಿಂದಲ್ಲವ್ವಾ” ಎಂದೆ.

“ನಾ ಅವತ್ತೇ ಹೇಳಿದ್ನೆಲ್ಲ ಮುತ್ಯಾ” ಎಂದಳು.

ಯಾದಗಿರಿಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಮೊಮ್ಮಗಳು ಹಿಂದಿನ ಸಂಜೆಯೇ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಳು. ಬೆಳಿಗ್ಗೆ ರೈಲು ಹತ್ತಿದೆವು. ಹೋಲಿಸಿ ನೋಡಲು ಹಳೆಯ ಗಿಟಾರನ್ನೂ ಹೊತ್ತುಕೊಂಡೆವು. ಠೇವಣಿಯ ಬಡ್ಡಿಯಲ್ಲಿ 16,000 ರೂಪಾಯಿ ತೆಗೆದಿಟ್ಟಿದ್ದೆ.

ಅಂಗಡಿಯ ಹುಡುಗ ತಾನೇ ನುಡಿಸಿ ತೋರಿಸಿದ. ಅವನ ಕೈಯಲ್ಲಿ ಎಲ್ಲವೂ ಚೆಂದವೇ. “ಸಾಕಪ್ಪಾ, ಇವಳು ನುಡಿಸಲಿ” ಎಂದೆ. ಆರು ತಂತಿ, ಹನ್ನೆರಡು ಫ್ರೆಟ್, ಒಟ್ಟು 72 ಸ್ವರ. ಒಂದೊಂದನ್ನೂ ಅವಳು ಒತ್ತಿ ಮೀಟಿದಳು. ನಾನು ಡೈರಿಯಲ್ಲಿ ಟಿಕ್ ಹಾಕುತ್ತ ಹೋದೆ. ಒಂದು ಗಿಟಾರಿನ ಎರಡು ಕಡೆ ತಂತಿ ಜಿರ್ರೆಂದಿತು, ಅದನ್ನು ಪಕ್ಕಕ್ಕಿಟ್ಟೆವು. ಹುಡುಗಿಗೆ ನನ್ನ ಡೈರಿಯಿಂದ ಸ್ವಲ್ಪ ನಾಚಿಕೆಯಾಯಿತೆಂದು ಕಾಣುತ್ತದೆ.

ಅಗ್ಗದ ಗಿಟಾರಿನ ಮೇಲ್ಮೈ ಪದರ ಪದರ ಅಂಟಿಸಿದ ಪ್ಲೈವುಡ್. ಅದಕ್ಕಿಂತ ಮೇಲಿನದಕ್ಕೆ ಸ್ಪ್ರೂಸ್ ಎಂಬ ಮರದ ಇಡಿಯ ಹಲಗೆ. ಅದು ಹೆಚ್ಚು ಮಿಡಿಯುತ್ತದೆ, ದನಿ ತುಂಬಿ ಬರುತ್ತದೆ. ಯಮಹಾ ಕಂಪನಿಯ ಎಫ್ 310 ಪದರದ್ದು, ಎಫ್‌ಜಿ 800 ಇಡಿಯ ಹಲಗೆಯದು. ನಡುವಿನ ದುಂಡು ರಂಧ್ರದ ಅಂಚನ್ನು ನೋಡಿದರೆ ಗುಟ್ಟು ತಿಳಿಯುತ್ತದೆ: ಮೇಲಿನ ಮರದ ಗೆರೆ ಅಂಚಿನಲ್ಲೂ ಮುಂದುವರಿದಿದ್ದರೆ ಇಡಿ, ಪದರ ಕಂಡರೆ ಪ್ಲೈ. ಆದರೆ ಇಡಿಯ ಹಲಗೆ ನಾಜೂಕು. ಒಣ ಹವೆಗೆ ಕುಗ್ಗಿ ಸೀಳುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇದೊಂದೇ ಭಯಕ್ಕೆ ಪ್ಲೈಯದೇ ಸಾಕೇನೋ ಎಂದು ಅರ್ಧ ಗಂಟೆ ತೂಗಿ ನೋಡಿದೆ.

ನನ್ನ ಕಣ್ಣು ಬಿದ್ದದ್ದು ಮಾತ್ರ ಕಪ್ಪುಗೆಂಪು ಬೆನ್ನಿನ ದೊಡ್ಡ ಗಿಟಾರಿನ ಮೇಲೆ. ಅದು ಬೀಟೆ! ನಮ್ಮ ಮಲೆನಾಡಿನಲ್ಲಿ ಬೆಳೆಯುವ ಮರ. 1833ರಲ್ಲಿ ಶುರುವಾದ ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ, 1969ರ ಹೊತ್ತಿಗೆ ಭಾರತದ ಬೀಟೆಗೆ ತಿರುಗಿತು. ಅಂಥ ಮರ ಮನೆಗೆ ಬರಲಿ ಎಂಬ ಆಸೆ ನನಗೆ. ಬಜೆಟ್ಟನ್ನು ಸ್ವಲ್ಪ ಏರಿಸಲೂ ಮನಸ್ಸಾಗಿತ್ತು.

ಮೊಮ್ಮಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಲಗೈ ಹೊಟ್ಟೆಯ ಆಚೆ ಬರಲು ಭುಜ ಎತ್ತಬೇಕಾಯಿತು. ಕೆಳಗಿಟ್ಟು, ಮೂಲೆಯಲ್ಲಿದ್ದ ಚಿಕ್ಕ ಗಿಟಾರ್ ತೆಗೆದುಕೊಂಡಳು. ಸ್ಪ್ರೂಸ್ ಮೇಲ್ಮೈ, ಸಾದಾ ಬೆನ್ನು, ಹೊಳಪೂ ಇಲ್ಲ. ಹಳೆಯದರಲ್ಲಿ ಎಂದೂ ಕೂಡದಿದ್ದ ಒಂದು ಕಾರ್ಡ್ ಇದೆಯಂತೆ. ತೋರುಬೆರಳಿನಿಂದ ಆರೂ ತಂತಿ ಒಟ್ಟಿಗೆ ಒತ್ತಬೇಕು. ಎರಡನೇ ಸಲಕ್ಕೆ ಆರೂ ತಂತಿ ನುಡಿದವು. ಅವಳು ನನ್ನ ಕಡೆ ನೋಡಲೇ ಇಲ್ಲ, ಮತ್ತೆ ಮತ್ತೆ ಅದನ್ನೇ ಮೀಟುತ್ತಿದ್ದಳು. ಸ್ಪೀಕರಿಗೆ ಜೋಡಿಸುವ ಸೌಲಭ್ಯ ಬೇಕೇ ಎಂದು ಅಂಗಡಿಯವ ಕೇಳಿದ. ಬೇಡ ಎಂದೆ. 15,400 ಆಯಿತು.

ಈಗ ಅದು ಶಹಾಪುರದ ಮನೆಯ ಒಳಕೋಣೆಯಲ್ಲಿ, ಗಟ್ಟಿ ಪೆಟ್ಟಿಗೆಯೊಳಗಿದೆ. ಬಿಸಿಲು ಬೀಳುವ ಗೋಡೆಗೆ ಒರಗಿಸುವಂತಿಲ್ಲ. ತೇವಾಂಶ ಶೇ. 45ರಿಂದ 55 ಇರಲೆಂದು ಪೆಟ್ಟಿಗೆಯಲ್ಲೊಂದು ಚಿಕ್ಕ ಮಾಪಕ ಇಟ್ಟಿದ್ದೇವೆ. ಏಪ್ರಿಲ್, ಮೇನಲ್ಲಿ ತೂತಿನ ಸೋಪುಡಬ್ಬಿಯೊಳಗೆ ನೀರು ಹಿಂಡಿದ ಸ್ಪಂಜು ಇಟ್ಟು ಮುಚ್ಚುತ್ತಾಳೆ. ಪ್ರತಿ ರಾತ್ರಿ ಫೋನಿನಲ್ಲಿ ಮಾಪಕದ ಅಂಕಿ ಕೇಳುತ್ತೇನೆ, ಬ್ಯಾಂಕಿನ ಚಾಳಿ.

ಹಳೆಯದನ್ನು ತಮ್ಮ ಕೇಳಿದ. ಅವಳು ಕೊಡಲಿಲ್ಲ. ಅದರಲ್ಲಿ ಕಲಿತರೆ ಅವನೂ ಬಿಟ್ಟುಬಿಡುತ್ತಾನಂತೆ. ದಿನಕ್ಕೆ ಅರ್ಧ ಗಂಟೆ ಹೊಸದನ್ನೇ ಅವನ ಕೈಗೆ ಕೊಡುತ್ತಾಳೆ, ಗಡಿಯಾರ ನೋಡಿಕೊಂಡು ಕಸಿದುಕೊಳ್ಳುತ್ತಾಳೆ.