ಬುತ್ತಿಯೋ, ಬಿಲ್ಲೋ? ಆಟದ ಪಾರ್ಕಿನಲ್ಲಿ ಕೂತು ಉಣ್ಣುವವರ ಲಾಭ-ನಷ್ಟ

ಚಳ್ಳಕೆರೆ: ಡಿಸೆಂಬರ್ ಬಂತೆಂದರೆ ಸಾಕು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಶಾಲೆಗಳ ಮುಂದೆ ಪ್ರವಾಸದ ಬಸ್ಸುಗಳು ನಿಲ್ಲುತ್ತವೆ. ಬೇಸಿಗೆ ರಜೆಯಲ್ಲಿ ಸಂಸಾರಗಳ ಸರದಿ. ಹಿಂದೆ ಬೇಲೂರು, ಹಳೇಬೀಡು, ಮೈಸೂರು ಅಂತಿದ್ದ ಪಟ್ಟಿಗೆ ಈಗ ಬಿಡದಿ ಹತ್ತಿರದ ವಂಡರ್‌ಲಾ ಸೇರಿಕೊಂಡಿದೆ. 2005ರಲ್ಲಿ ತೆರೆದ ಈ ಪಾರ್ಕಿಗೆ ಹಿರಿಯೂರು, ಬೆಂಗಳೂರು ದಾಟಿ ಇನ್ನೂರು ಕಿಲೋಮೀಟರಿಗೂ ಮೇಲೆ ದಾರಿ. ಬಸ್ ಖರ್ಚಿನ ಲೆಕ್ಕ ಎಲ್ಲರೂ ಹಾಕುತ್ತಾರೆ. ಟಿಕೆಟ್ಟಿನ ಲೆಕ್ಕವನ್ನೂ ಹಾಕುತ್ತಾರೆ. ಮಧ್ಯಾಹ್ನದ ಊಟದ ಲೆಕ್ಕ ಮಾತ್ರ ಗೇಟಿನ ಒಳಗೆ ಹೋದ ಮೇಲೇ ನೆನಪಾಗುವುದು. ಅಷ್ಟೊತ್ತಿಗೆ ಕಾಲ ಮಿಂಚಿರುತ್ತದೆ.

ಪ್ರಶ್ನೆ ಇಷ್ಟೇ. ಪಾರ್ಕಿನ ಹೋಟೆಲಿನಲ್ಲಿ ಮೇಜು ಹಿಡಿದು, ಮೆನು ನೋಡಿ, ಕೂತು ಉಣ್ಣೋದು ಲಾಭವೋ ನಷ್ಟವೋ?

ಬುತ್ತಿ ಯಾಕೆ ಒಳಗೆ ಹೋಗೋದಿಲ್ಲ?

ಈ ಸೀಮೆಯ ಜನಕ್ಕೆ ಬುತ್ತಿ ಹೊಸದಲ್ಲ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋದವರು ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ ಮರದ ನೆರಳಲ್ಲಿ ಬಿಚ್ಚುತ್ತಾರೆ. ಕೊಬ್ಬರಿ ಸುಟ್ಟು, ತೇರು ನೋಡಿ, ಹಸಿವಾದರೆ ಮಂಡಕ್ಕಿ-ಮೆಣಸಿನಕಾಯಿ. ಅಲ್ಲಿ ಬುತ್ತಿ ತಡೆಯುವ ಗೇಟು ಇಲ್ಲ. ‘ಮಾಡಿದಷ್ಟು ನೀಡು ಭಿಕ್ಷೆ’ ಅಂದ ಸ್ವಾಮಿಯ ಜಾತ್ರೆಯಲ್ಲಿ ಉಂಡವರನ್ನು ಯಾರೂ ಲೆಕ್ಕ ಕೇಳೋದಿಲ್ಲ.

ಆಟದ ಪಾರ್ಕಿನ ಕಥೆಯೇ ಬೇರೆ. ಹೊರಗಿನ ತಿಂಡಿ-ಊಟ ಒಳಗೆ ಬಿಡುವುದಿಲ್ಲ ಎಂಬುದು ಇಂಥ ಕಡೆ ಸಾಮಾನ್ಯ ನಿಯಮ. ಗೇಟಿನಲ್ಲಿ ಚೀಲ ತಪಾಸಣೆ ಉಂಟು. ಇದಕ್ಕೆ ಜಗಳ ಆಡಿ ಫಲವಿಲ್ಲ. ಸಿನಿಮಾ ಮಂದಿರಗಳ ವಿಷಯದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ನೆನಪಿರಲಿ. ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಮಾಲೀಕನಿಗೆ ಇದೆ, ಆದರೆ ಕುಡಿಯುವ ಶುದ್ಧ ನೀರು ಪುಕ್ಕಟೆ ಕೊಡಬೇಕು, ಹಸುಗೂಸಿನ ಆಹಾರ ತಡೆಯಬಾರದು ಎಂದಿತು ಕೋರ್ಟು. ಅದು ಥಿಯೇಟರಿಗೆ ಹೇಳಿದ ಮಾತು, ಪಾರ್ಕಿಗೆ ನೇರವಾಗಿ ಹೇಳಿದ್ದಲ್ಲ. ಆದರೂ ‘ಜಾಗ ನಂದು, ನಿಯಮ ನಂದು’ ಅನ್ನುವ ವಾದ ಎರಡೂ ಕಡೆ ಒಂದೇ. ಕಂಕುಳಲ್ಲಿ ಕೂಸು ಇರುವವರು ಗಂಜಿ, ಹಾಲಿನ ಬಾಟಲಿ ಬಗ್ಗೆ ಗೇಟಿನಲ್ಲೇ ಧೈರ್ಯವಾಗಿ ಕೇಳಬಹುದು.

ಬಿಲ್ಲಿನಲ್ಲಿ ಬರೆಯದ ಬಾಬ್ತು

ಈಗ ಅಂಗಡಿಕಾರರ ಭಾಷೆಯಲ್ಲೇ ಲೆಕ್ಕ ನೋಡೋಣ. ಐದು ಜನರ ಸಂಸಾರ ಅಂತ ಇಟ್ಟುಕೊಳ್ಳಿ. ಸುಲಭಕ್ಕೆ ತಲೆಗೆ 1,500 ರೂಪಾಯಿ ಟಿಕೆಟ್ ಅಂತ ಹಿಡಿಯಿರಿ. ಒಟ್ಟು 7,500. ಪಾರ್ಕು ತೆರೆದಿರುವುದು ಏಳು ಗಂಟೆ ಅಂದರೆ, ಗಂಟೆಗೆ ಸುಮಾರು 1,070 ರೂಪಾಯಿ ಆಯಿತು. ಹೋಟೆಲಿನಲ್ಲಿ ಮೇಜಿಗೆ ಕಾದು, ಆರ್ಡರ್ ಕೊಟ್ಟು, ಉಂಡು, ಬಿಲ್ಲು ಕೊಟ್ಟು ಏಳುವಷ್ಟರಲ್ಲಿ ಒಂದು ಗಂಟೆ ಖಂಡಿತ. ಅಂದರೆ ಊಟದ ಬಿಲ್ಲು ಎಷ್ಟೇ ಇರಲಿ, ಅದರ ಮೇಲೆ ಇನ್ನೊಂದು ಸಾವಿರ ರೂಪಾಯಿ ಆಟದ ಹೊತ್ತೂ ಆ ಮೇಜಿನ ಮೇಲೇ ಕರಗಿತು. ಈ ಬಾಬ್ತು ಯಾವ ಬಿಲ್ಲಿನಲ್ಲೂ ಬರೆದಿರೋದಿಲ್ಲ.

ಅದರ ಮೇಲೆ ಇನ್ನೊಂದು ಸಂಗತಿ. ನೀರಿನ ಆಟಗಳು ಬೆಳಗ್ಗೆ ಗೇಟು ತೆರೆದ ಕೂಡಲೇ ಇರೋದಿಲ್ಲ, ಮಧ್ಯಾಹ್ನದ ಹೊತ್ತಿಗೆ ಶುರು. ಮಕ್ಕಳು ಬೆಳಗ್ಗೆಯಿಂದ ಕಾಯುವುದೇ ಅದಕ್ಕೆ. ಸರಿಯಾಗಿ ಅದೇ ವೇಳೆಗೆ ದೊಡ್ಡವರಿಗೆ ಊಟದ ನೆನಪು. ಇನ್ನು ಹೊಟ್ಟೆ ಬಿರಿಯ ಉಂಡು ತಲೆಕೆಳಗಾಗಿ ತಿರುಗುವ ಆಟ ಹತ್ತಿದರೆ ಏನಾಗುತ್ತದೆ ಅನ್ನೋದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟ ದುಡ್ಡು, ಉಂಡ ಊಟ ಎರಡೂ ಹೊರಗೆ.

ಹಾಗಾದರೆ ನಷ್ಟವೇ?

ಎಲ್ಲರಿಗೂ ಅಲ್ಲ. ಸಂಸಾರದಲ್ಲಿ ಅಜ್ಜ-ಅಜ್ಜಿ ಇರ್ತಾರೆ, ಬಸುರಿ ಹೆಣ್ಣುಮಗಳು ಇರ್ತಾಳೆ, ಎದೆನೋವಿನವರು ಇರ್ತಾರೆ. ಜೋರಿನ ಆಟಗಳಿಗೆ ಇವರನ್ನು ಹತ್ತಿಸುವುದಿಲ್ಲ. ಬಿಸಿಲಲ್ಲಿ ಚೀಲ, ಚಪ್ಪಲಿ, ಒದ್ದೆ ಬಟ್ಟೆ ಕಾಯುವ ಕೆಲಸವೇ ಇವರ ಪ್ರವಾಸ. ಇವರಿಗೆ ಫ್ಯಾನಿನ ಕೆಳಗೆ ಬೆನ್ನು ಆನಿಸಿ ಕೂರಲು ಒಂದು ಕುರ್ಚಿ, ಬಿಸಿ ಅನ್ನ-ಸಾರು ಸಿಕ್ಕಿದರೆ ಅದೇ ದಿನದ ಸುಖ. ಆ ಬಿಲ್ಲನ್ನು ಊಟಕ್ಕೆ ಕೊಟ್ಟದ್ದು ಅನ್ನುವುದಕ್ಕಿಂತ ನೆರಳಿಗೆ ಕೊಟ್ಟ ಬಾಡಿಗೆ ಅಂತ ಬರೆದುಕೊಂಡರೆ ನಷ್ಟ ಅನ್ನಿಸೋದಿಲ್ಲ. ರಾತ್ರಿ ಮತ್ತೆ ಇನ್ನೂರು ಕಿಲೋಮೀಟರು ಬಸ್ಸಿನಲ್ಲಿ ಕೂರಬೇಕಾದವರು ಅವರು.

ಓಡಾಡುವ ಹುಡುಗರಿಗೆ ಮೇಜು ಬೇಡ. ಕೌಂಟರಿನಲ್ಲಿ ಕೈಗೆ ಸಿಕ್ಕಿದ್ದು ತಿಂದು ಮತ್ತೆ ನೀರಿಗೆ ಇಳಿಯಲಿ. ಐದು ಜನಕ್ಕೂ ಐದು ಊಟ ಅನ್ನುವ ಹಟ ಬಿಟ್ಟರೆ ಅರ್ಧ ದುಡ್ಡು ಉಳಿಯಿತು.

ಬಿಲ್ಲು ಕೈಗೆ ಬಂದಾಗ

ಮೊದಲನೆಯದು ಜಿ.ಎಸ್.ಟಿ. 2017ರ ನವೆಂಬರ್‌ನಿಂದ ಸಾಮಾನ್ಯ ಹೋಟೆಲು ಊಟಕ್ಕೆ ಶೇ. 5. ದೊಡ್ಡ ಬಾಡಿಗೆಯ ರೂಮುಗಳಿರುವ ಹೋಟೆಲಾದರೆ ಶೇ. 18 ಇರಬಹುದು. ಯಾವುದು ಹಾಕಿದ್ದಾರೆ, ಕಣ್ಣಾಡಿಸಿ.

ಎರಡನೆಯದು ಸರ್ವೀಸ್ ಚಾರ್ಜು. ಇದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಅದನ್ನೇ ಎತ್ತಿಹಿಡಿಯಿತು. ಸೇರಿಸಿದ್ದರೆ ‘ತೆಗೀರಿ ಸ್ವಾಮಿ’ ಅನ್ನಲು ಸಂಕೋಚ ಬೇಡ. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಮೂರನೆಯದು ನೀರಿನ ಬಾಟಲಿ. ಇಲ್ಲಿ ಅನೇಕರು ಜಗಳಕ್ಕೆ ನಿಂತು ಸೋಲುತ್ತಾರೆ. ಹೋಟೆಲಿನಲ್ಲಿ ಕೂರಿಸಿ, ಬಡಿಸಿ, ಸೇವೆಯ ಜೊತೆ ಕೊಟ್ಟ ಬಾಟಲಿಗೆ ಎಂ.ಆರ್.ಪಿ. ಮೀರಿ ಹಣ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 2017ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿದೆ. ಆದರೆ ಒಂದೇ ಮಾಲಿಗೆ ಎರಡು ಬೇರೆ ಬೇರೆ ಎಂ.ಆರ್.ಪಿ. ಅಚ್ಚು ಹಾಕುವಂತಿಲ್ಲ ಎಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಮೇಜಿನ ಮೇಲೆ ಬಾಟಲಿ ತಂದಿಟ್ಟಾಗ ಮುಚ್ಚಳ ತಿರುಗಿಸುವ ಮುಂಚೆ ಒಂದು ಮಾತು ಕೇಳುವುದು ಕ್ಷೇಮ. ಸಾದಾ ನೀರು ಕೇಳಿ ಪಡೆಯುವುದು ಇನ್ನೂ ಕ್ಷೇಮ.

ದಾರಿಯಲ್ಲೇ ಇದೆ ಉಪಾಯ

ಬಿಡದಿ ಅಂದರೆ ತಟ್ಟೆ ಇಡ್ಲಿಯ ಊರು. ಚಳ್ಳಕೆರೆಯಿಂದ ನಸುಕಿಗೇ ಹೊರಟವರು ಪಾರ್ಕಿನ ಗೇಟು ತೆರೆಯುವ ಮುಂಚೆ ಅಲ್ಲಿ ಇಳಿದು ಬೆಣ್ಣೆ, ಚಟ್ನಿ ಸಮೇತ ಎರಡೆರಡು ಇಡ್ಲಿ ಹೊಡೆದರೆ ಮಧ್ಯಾಹ್ನದ ಹಸಿವು ಎರಡು ತಾಸು ಹಿಂದಕ್ಕೆ ಹೋಗುತ್ತದೆ. ಒಂದು ಎಚ್ಚರ: 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಬಿಡದಿ ಪೇಟೆಯ ಹೊರಗೆ ಹಾದುಹೋಗುತ್ತದೆ. ಡ್ರೈವರಿಗೆ ಹಳೇ ರಸ್ತೆ ಅಂತ ಮೊದಲೇ ಹೇಳಬೇಕು. ಕಟ್ಟಿಕೊಂಡು ಹೋದ ಬುತ್ತಿ ಬಸ್ಸಿನಲ್ಲೇ ಇರಲಿ, ಸಾಯಂಕಾಲ ಹೊರಗೆ ಬಂದಾಗ ಅದರ ರುಚಿಯೇ ಬೇರೆ. ಒಳಗೆ ಉಣ್ಣುವುದೇ ಆದರೆ ಹನ್ನೆರಡಕ್ಕೆ ಉಣ್ಣಿ, ಇಲ್ಲಾ ಮೂರಕ್ಕೆ ಉಣ್ಣಿ. ಒಂದೂವರೆಗೆ ಎಲ್ಲರೂ ಉಣ್ಣುವಾಗ ಆಟದ ಸಾಲು ಚಿಕ್ಕದಾಗಿರುತ್ತದೆ, ಆಗ ಆಡಿ.

ಮೇಷ್ಟ್ರುಗಳ ಗಮನಕ್ಕೆ

ಸಂಸಾರದವರ ನಷ್ಟ ದುಡ್ಡಿನದು. ಶಾಲಾ ಪ್ರವಾಸದಲ್ಲಿ ವಿಷಯ ಬೇರೆ. ಎಣ್ಣೆ ಮಿಲ್ಲಿನ ಹಮಾಲಿಯ ಮಗ, ಮೊಳಕಾಲ್ಮೂರಿನ ಸೀರೆ ಮಗ್ಗದವರ ಮಗಳು ಕೂಡ ಆ ಬಸ್ಸಿನಲ್ಲಿ ಇರ್ತಾರೆ. ಮನೆಯಲ್ಲಿ ಸಾಲ ಮಾಡಿ ಪ್ರವಾಸದ ಫೀಜು ಕಟ್ಟಿರುತ್ತಾರೆ. ಕೈಖರ್ಚಿಗೆ ಕೊಟ್ಟದ್ದು ನೂರೋ ಇನ್ನೂರೋ. ಜೊತೆಯ ಮಕ್ಕಳು ಹೋಟೆಲಿನಲ್ಲಿ ಮೇಜು ಹಿಡಿದಾಗ ಈ ಮಕ್ಕಳು ‘ನಂಗೆ ಹಸಿವಿಲ್ಲ’ ಅಂದು ಹೊರಗೆ ನಿಲ್ಲುತ್ತಾರೆ. ಇಂಥ ಸುಳ್ಳು ಹೇಳುವ ಪಾಡು ಹನ್ನೆರಡು ವರ್ಷದ ಕೂಸಿಗೆ ಬರಬಾರದು.

ಇದಕ್ಕೆ ಖರ್ಚಿಲ್ಲದ ಪರಿಹಾರ ಇದೆ. ಗುಂಪಾಗಿ ಹೋಗುವವರು ಟಿಕೆಟ್ ಮಾಡುವಾಗಲೇ ಊಟವನ್ನೂ ಸೇರಿಸಿ ದರ ಮಾತಾಡಬೇಕು. ಎಲ್ಲ ಮಕ್ಕಳಿಗೂ ಒಂದೇ ಊಟ, ಒಂದೇ ವೇಳೆ, ಒಂದೇ ಸಾಲು. ಫೀಜಿನ ಚೀಟಿಯಲ್ಲಿ ‘ಮಧ್ಯಾಹ್ನದ ಊಟ ಸೇರಿದೆ’ ಎಂದು ಬರೆದು ಮನೆಗೆ ಕಳಿಸಿದರೆ ಅಪ್ಪ-ಅಮ್ಮನಿಗೂ ನೆಮ್ಮದಿ. ಅದಾಗದಿದ್ದರೆ ಆ ವರ್ಷ ಬೇರೆ ಊರು ನೋಡಿದರಾಯಿತು, ಬುತ್ತಿ ಬಿಚ್ಚಲು ಬಿಡುವ ಜಾಗ ಈ ರಾಜ್ಯದಲ್ಲಿ ಕಡಿಮೆ ಇಲ್ಲ.

ಒಟ್ಟಿನಲ್ಲಿ, ಮುದುಕರಿಗೆ ಮೇಜು, ಹುಡುಗರಿಗೆ ಕೌಂಟರು, ಶಾಲೆಯ ಮಕ್ಕಳಿಗೆ ಒಂದೇ ಪಂಕ್ತಿ. ಈ ಮೂರನ್ನು ಬಸ್ಸು ಹತ್ತುವ ಮುಂಚೆ ತೀರ್ಮಾನ ಮಾಡಿಕೊಂಡವರ ದುಡ್ಡು ಆಟಕ್ಕೆ ಹೋಗುತ್ತದೆ. ಮಾಡಿಕೊಳ್ಳದವರದು ಮೇಜಿಗೆ ಹೋಗುತ್ತದೆ.