ಪ್ರೊಸೆಸರ್‌ಗೆ ಅಂಟಿದ ಕಿತ್ತಳೆ ಘಮ

ಪ್ರೊಸೆಸರ್ ಮೇಲೆ ಒಣಗಿ ಕೂತ ಥರ್ಮಲ್ ಪೇಸ್ಟ್ ತೆಗೆಯಲೆಂದೇ ಆರ್ಕ್ಟಿಕ್ಲೀನ್ ಎಂಬ ಜೋಡಿ ಬಾಟಲಿ ಸಿಗುತ್ತದೆ. ಮೊದಲನೆಯದರಲ್ಲಿರುವುದು ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ. ಕಂಪ್ಯೂಟರಿಗೂ ಕಿತ್ತಳೆಗೂ ಎಲ್ಲಿಯ ನಂಟು ಎಂದು ಹುಡುಕುತ್ತ ಹೋದವನು ಓಝೋನ್ ಪದರದ ಜಗಳಕ್ಕೆ ಬಂದು ಮುಟ್ಟಿದೆ.

ಎಂಬತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಕಣ್ಮಣಿ ಸಿಎಫ್‌ಸಿ-113 ಎಂಬ ದ್ರಾವಕ. ಬೆಂಕಿ ಹತ್ತದು, ಪ್ಲಾಸ್ಟಿಕ್ಕಿಗೆ ಅಷ್ಟಾಗಿ ತೊಂದರೆ ಮಾಡದು, ಸುಮಾರು 48 ಡಿಗ್ರಿಗೇ ಕುದಿದು ಕಲೆಯುಳಿಸದೆ ಹಾರಿಹೋಗುತ್ತದೆ. ಬೆಸುಗೆ ಕೂರಲು ಹಚ್ಚಿ, ಆಮೇಲೆ ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ತೊಳೆಯಲು ಇದಕ್ಕಿಂತ ಸಲೀಸಾದದ್ದು ಇರಲಿಲ್ಲ. ಅಮೆರಿಕದ ಸೇನೆಯ ನಿಯಮಗಳಂತೂ ಇದನ್ನೇ ನೆಚ್ಚಿದ್ದವು. ಹಾರಿಹೋದದ್ದು ಎಲ್ಲಿಗೆ ಹೋಯಿತು ಎಂಬುದೇ ಸಮಸ್ಯೆ. ಇಂಥ ರಾಸಾಯನಿಕಗಳು ಓಝೋನ್ ಪದರವನ್ನು ಕೊರೆಯಬಲ್ಲವೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಬರೆದಿದ್ದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ಸುದ್ದಿ ಬಂತು, 1987ರ ಸೆಪ್ಟೆಂಬರ್ 16ರಂದು ಇಂಥ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು.

ಬದಲಿ ದ್ರಾವಕವೇ ಇಲ್ಲ ಎಂಬ ವಾದ ಆಗ ಬಲವಾಗಿತ್ತು. ಅದನ್ನು ಅಲುಗಾಡಿಸಿದ್ದು 1988ರ ಜನವರಿಯ ಒಂದು ಘೋಷಣೆ: ಫ್ಲಾರಿಡಾದ ಪೆಟ್ರೋಫರ್ಮ್ ಎಂಬ ಸಣ್ಣ ಕಂಪನಿಯ ‘ಬಯೋಆಕ್ಟ್ ಇಸಿ-7’ ದ್ರವದಿಂದ ಬೋರ್ಡುಗಳನ್ನು ತೊಳೆಯಬಹುದು ಎಂದು ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿ ಹೇಳಿತು. ಅದರ ಜೀವಾಳ ಸಿಟ್ರಸ್ ಸಿಪ್ಪೆಯ ಲಿಮೊನೀನ್. ದೋಷಗಳಿದ್ದವು: ತೊಳೆದ ಮೇಲೆ ನೀರಿನಲ್ಲಿ ಜಾಲಿಸಬೇಕು, ತುಂತುರಾಗಿ ಸಿಂಪಡಿಸಿದರೆ ಬೆಂಕಿಯ ಭಯ. ಆದರೂ ರಸ ಹಿಂಡಿ ಉಳಿದ ಸಿಪ್ಪೆಯ ಸಾರ ರಾಸಾಯನಿಕ ದೈತ್ಯರ ‘ಸಾಧ್ಯವೇ ಇಲ್ಲ’ ಎಂಬ ಮಾತನ್ನು ಸುಳ್ಳು ಮಾಡಿತಲ್ಲ, ಅದು ನನಗೆ ತುಂಬ ಇಷ್ಟವಾದ ಸಂಗತಿ. ಸಿಎಫ್‌ಸಿ ತಯಾರಕ ದೈತ್ಯ ಡ್ಯುಪಾಂಟ್ ಅದೇ ಮಾರ್ಚ್‌ನಲ್ಲಿ ಸಿಎಫ್‌ಸಿ ತಯಾರಿಕೆ ಕೈಬಿಡುವುದಾಗಿ ಸಾರಿತು. ಮುಂದುವರಿದ ದೇಶಗಳಲ್ಲಿ 1996ರ ಹೊತ್ತಿಗೆ ಅದರ ಕಾಲ ಮುಗಿಯಿತು. ಒಪ್ಪಂದಕ್ಕೆ 1992ರಲ್ಲಿ ಸೇರಿದ ಭಾರತದಂಥ ದೇಶಗಳಿಗೆ 2010ರವರೆಗೆ ಗಡುವಿತ್ತು.

ಕಾರ್ಖಾನೆಗಳು ಆಮೇಲೆ ತೊಳೆಯುವ ಅಗತ್ಯವೇ ಇಲ್ಲದ ಫ್ಲಕ್ಸ್‌ನತ್ತ ಹೊರಳಿದವು. ತೊಳೆಯುವ ವಿಭಾಗಗಳು ಕರಗಿದವು. ಯಾವ ಜಿಡ್ಡಿಗೆ ಯಾವ ದ್ರಾವಕ ಎಂದು ಬಲ್ಲವರೂ ಚದುರಿದರು. ಥರ್ಮಲ್ ಪೇಸ್ಟ್ ಮನೆಮನೆಗೆ ಬಂದದ್ದು ಸರಿಯಾಗಿ ಅದೇ ವರ್ಷಗಳಲ್ಲಿ. 386ರ ತನಕ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ ಶಾಖ ಹೀರುವ ಹೀಟ್ ಸಿಂಕ್ ಆಗಲಿ, ಅದಕ್ಕೂ ಚಿಪ್ಪಿಗೂ ನಡುವೆ ಹಚ್ಚುವ ಪೇಸ್ಟ್ ಆಗಲಿ ಬೇಕಿರಲಿಲ್ಲ. 1993ರ ಪೆಂಟಿಯಂ ಹೊತ್ತಿಗೆ ಫ್ಯಾನೂ ಬೇಕಾಯಿತು. ಬಳಸುವವರಿಗೆ ದ್ರಾವಕದ ಅರಿವು ಬೇಕಾದಾಗಲೇ ಅರಿವಿದ್ದವರು ಮರೆಯಾದರು. ಈ ನಷ್ಟದ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಉಳಿದದ್ದು ಒಂದೇ ಉತ್ತರ: ಐಸೊಪ್ರೊಪೈಲ್ ಆಲ್ಕೊಹಾಲ್, ರಿಪೇರಿಯವರ ಬಾಯಲ್ಲಿ ಐಪಿಎ. 1920ರಲ್ಲಿ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಚ್ಚಾ ತೈಲದ ಸಂಸ್ಕರಣೆಯಲ್ಲಿ ಬರುವ ಪ್ರೊಪಿಲೀನ್ ಅನಿಲದಿಂದ ತಯಾರಿಸಿದ್ದು. ಒಳ್ಳೆಯದೇ, 82 ಡಿಗ್ರಿಗೆ ಕುದಿಯುತ್ತದೆ, ಬೇಗ ಆರುತ್ತದೆ. ಆದರೆ ಹಲವು ಪೇಸ್ಟ್‌ಗಳ ಸಿಲಿಕೋನ್ ಎಣ್ಣೆ ಇದರಲ್ಲಿ ಅಷ್ಟಾಗಿ ಕರಗದು, ಸತುವಿನ ಆಕ್ಸೈಡ್ ಪುಡಿಯಂತೂ ಕರಗುವುದೇ ಇಲ್ಲ. ಐಪಿಎ ಪೇಸ್ಟನ್ನು ಸಡಿಲಿಸುತ್ತದೆ, ಎತ್ತುವುದು ಬಟ್ಟೆ. ಐಪಿಎ ಬಾಟಲಿಯ ಮೇಲೆ ಶೇಕಡಾ 70, 91, 99 ಎಂದಿರುತ್ತದೆ. 91 ಸುಮ್ಮನೆ ಬಂದ ಅಂಕಿಯಲ್ಲ: ಸಾದಾ ಭಟ್ಟಿಯಲ್ಲಿ ಎಷ್ಟು ಇಳಿಸಿದರೂ ಆಲ್ಕೊಹಾಲ್ ಮತ್ತು ನೀರು ಆ ಪ್ರಮಾಣದಲ್ಲಿ ಒಟ್ಟಿಗೇ ಆವಿಯಾಗುತ್ತವೆ, ಅದರಾಚೆ ನೀರನ್ನು ಬೇರ್ಪಡಿಸಲು ಬೇರೆ ಉಪಾಯ ಬೇಕು. 70ರದ್ದು ಗಾಯಕ್ಕೆ ಸರಿ, ಬೋರ್ಡಿಗೆ ನೀರು ಹೆಚ್ಚಾಯಿತು.

ಗಟ್ಟಿಯಾದ ಹಳೆಯ ಪೇಸ್ಟಿಗೆ ಸಿಟ್ರಸ್ ಎಣ್ಣೆ ಮೇಲು. ಆದರೆ ಲಿಮೊನೀನ್ ಕುದಿಯುವುದು 176 ಡಿಗ್ರಿಗೆ. ಬೇಗ ಹಾರದೆ ಜಿಡ್ಡಾಗಿ ನಿಲ್ಲುತ್ತದೆ. ಎರಡನೆಯ ಬಾಟಲಿ ಇರುವುದು ಆ ಜಿಡ್ಡನ್ನು ಒರೆಸಲಿಕ್ಕೆ. ಅದು ಸಿಗದಿದ್ದರೆ 99ರ ಐಪಿಎ ಸಾಕು. ನೇಲ್ ಪಾಲಿಶ್ ರಿಮೂವರ್ ಮಾತ್ರ ಬೇಡ: ಅದರಲ್ಲಿ ಅಸಿಟೋನ್ ಇದ್ದರೆ ಸುತ್ತಲಿನ ಪ್ಲಾಸ್ಟಿಕ್ ತಿನ್ನುತ್ತದೆ, ಬೆರೆಸಿದ ಎಣ್ಣೆ ಮತ್ತು ಸುಗಂಧ ಲೋಹದ ಮೇಲೇ ಉಳಿಯುತ್ತವೆ.