ಸೂರುದೋಣಿಗಳೂ ಇಳಿಕೊಳವೆಗಳೂ: ಅಲ್ಪವೆಚ್ಚದ ಬಾಳಿಕೆಯ ರಚನೆ

1. ಪ್ರಸ್ತಾವನೆ

ಕಟ್ಟಡವೊಂದರ ಆಯುಷ್ಯವು ಅದರ ಗೋಡೆ ಮಾಡುಗಳ ದಾರ್ಢ್ಯವನ್ನು ಎಷ್ಟು ಅವಲಂಬಿಸಿರುವುದೋ, ಮಾಡಿನ ಮೇಲೆ ಬಿದ್ದ ನೀರು ಯಾವ ದಾರಿಯಿಂದ ನೆಲಕ್ಕೆ ಇಳಿಯುವುದೆಂಬುದನ್ನೂ ಅಷ್ಟೇ ಅವಲಂಬಿಸಿರುತ್ತದೆ. ಆದರೂ ನಕ್ಷೆಯನ್ನು ತಯಾರಿಸುವಾಗ ಈ ವಿಷಯಕ್ಕೆ ದೊರೆಯುವ ಗಮನ ಅತ್ಯಲ್ಪ. ಅಂದಾಜು ಪಟ್ಟಿಯ ಕಟ್ಟಕಡೆಯಲ್ಲಿ ಒಂದು ಸಾಲಿನಲ್ಲಿ ಅದು ಮುಗಿದುಹೋಗುತ್ತದೆ. ಹಣ ಸಾಲದೆ ಬಂದಾಗ ಮೊದಲು ಕೈಬಿಡುವುದೂ ಆ ಸಾಲನ್ನೇ. ಈ ಲೇಖನದಲ್ಲಿ ಸೂರಿನ ಅಂಚಿನಲ್ಲಿ ನೀರನ್ನು ಹಿಡಿಯುವ ಅಡ್ಡ ಕಾಲುವೆಯನ್ನು ‘ಸೂರುದೋಣಿ’ ಅಥವಾ ‘ದೋಣಿ’ ಎಂದೂ, ಅಲ್ಲಿಂದ ನೆಲಕ್ಕೆ ನೀರನ್ನು ತರುವ ಲಂಬವಾದ ಕೊಳವೆಯನ್ನು ‘ಇಳಿಕೊಳವೆ’ ಎಂದೂ ಕರೆಯಲಾಗಿದೆ.

ಮೊದಲು ನೀರಿನ ಮೊತ್ತವನ್ನು ಮನಗಾಣುವುದು ಯುಕ್ತ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು ನೀರಾಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅಲ್ಲಿ 12 ಮೀಟರು ಉದ್ದವೂ ಒಂದೊಂದು ಕಡೆಗೆ 4 ಮೀಟರು ಅಡ್ಡಳತೆಯೂ ಉಳ್ಳ ಸಾಧಾರಣ ಹೆಂಚಿನ ಮನೆಯೊಂದನ್ನು ಭಾವಿಸಿಕೊಳ್ಳೋಣ. ಅದರ ಒಂದೇ ಕಡೆಯ ಮಾಡಿನಿಂದ ವರ್ಷಕ್ಕೆ 1,68,000 ಲೀಟರು, ಎಂದರೆ 168 ಟನ್ನು ನೀರು ಇಳಿಯುತ್ತದೆ. ದೋಣಿಯಿಲ್ಲದಿದ್ದರೆ ಇದೆಲ್ಲವೂ ಗೋಡೆಗೆ ಸಮಾನಾಂತರವಾದ 12 ಮೀಟರಿನ ಒಂದು ಗೆರೆಯ ಮೇಲೆಯೇ ಬಿದ್ದು, ಬಹುಭಾಗ ಪಾಯದ ಮಗ್ಗುಲಿನ ಮಣ್ಣಿಗೆ ಇಂಗುವುದು. ಅಲ್ಲಿಂದ ಸಿಡಿದ ಕೆಸರು ಗೋಡೆಯ ಬುಡವನ್ನು ನೆನೆಸುವುದು. ಮಣ್ಣಿನ ಗೋಡೆಯೋ ಹಸಿ ಇಟ್ಟಿಗೆಯ ಗೋಡೆಯೋ ಆದಲ್ಲಿ ಬುಡ ಕರಗಿ ಗೋಡೆಯೇ ಕುಸಿಯುವ ಅಪಾಯವುಂಟು. ಅಲ್ಪವೆಚ್ಚದ ಕಟ್ಟಡಗಳಲ್ಲಿ ವಾಸಿಸುವವರಿಗೇ ಈ ಅಪಾಯ ಹೆಚ್ಚಾಗಿರುವುದರಿಂದ, ದೋಣಿಯನ್ನು ಅನುಕೂಲಸ್ಥರ ಮನೆಯ ಅಲಂಕಾರವೆಂದು ಎಣಿಸುವುದು ಸರಿಯಲ್ಲ.

2. ದೋಣಿ ಎಲ್ಲಿ ಬೇಕು, ಎಲ್ಲಿ ಬೇಡ

ಎಲ್ಲ ಸೂರಿಗೂ ದೋಣಿ ಬೇಕೆಂಬ ನಿಯಮವಿಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಸೂರನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿ, ನೀರು ಬೀಳುವ ಕಡೆ ಕಲ್ಲು ಹಾಸಿ, ಚರಂಡಿ ತೆಗೆದು ನೀರನ್ನು ತೋಟಕ್ಕೆ ಸಾಗಿಸುತ್ತಿದ್ದರು. ಒಂದೇ ಅಂತಸ್ತಿನ, ಸುತ್ತಲೂ ಜಾಗವಿರುವ ಮನೆಗೆ ಇಂದಿಗೂ ಇದಕ್ಕಿಂತ ಅಗ್ಗವಾದ, ದುರಸ್ತಿಯ ಗೊಡವೆಯಿಲ್ಲದ ಏರ್ಪಾಡು ಇಲ್ಲವೆಂದೇ ಹೇಳಬಹುದು.

ಆದರೆ ಕೆಲವು ಕಡೆಗಳಲ್ಲಿ ದೋಣಿ ಅನಿವಾರ್ಯ: ಜನ ಓಡಾಡುವ ಬಾಗಿಲ ಮುಂದೆ, ಸೂರಿನ ಚಾಚು ಕಡಿಮೆಯಿರುವಲ್ಲಿ, ನೆರೆಯವರ ಗೋಡೆ ಹತ್ತಿರವಿರುವಲ್ಲಿ, ಎರಡು ಅಂತಸ್ತಿನ ಕಟ್ಟಡಗಳಲ್ಲಿ, ಮತ್ತು ನೀರನ್ನು ತೊಟ್ಟಿಗೋ ಬಾವಿಗೋ ಸಂಗ್ರಹಿಸಬೇಕಾದಲ್ಲಿ. ತೊಟ್ಟಿಮನೆಗಳಂತೆ ಎರಡು ಮಾಡುಗಳು ಒಳಮೂಲೆಯಲ್ಲಿ ಕೂಡುವಲ್ಲಿ ಎರಡು ಕಡೆಯ ನೀರೂ ಒಂದೇ ಬಿಂದುವಿಗೆ ಹರಿದುಬರುವುದರಿಂದ ಅಲ್ಲಿನ ದೋಣಿಗೆ ವಿಶೇಷ ಗಮನ ಅಗತ್ಯ. ಬೆಂಗಳೂರಿನಲ್ಲಿ ನಿರ್ದಿಷ್ಟ ಅಳತೆಗೆ ಮೀರಿದ ನಿವೇಶನಗಳಿಗೆ ಮಳೆನೀರು ಸಂಗ್ರಹವನ್ನು 2009ರ ತಿದ್ದುಪಡಿ ಕಾಯಿದೆಯು ಕಡ್ಡಾಯಗೊಳಿಸಿದ ಮೇಲೆ ನಗರದಲ್ಲಿಯೂ ಈ ವಿಷಯಕ್ಕೆ ಹೊಸ ಮಹತ್ವ ಬಂದಿದೆ.

3. ಲೆಕ್ಕಕ್ಕೆ ಆಧಾರ: ಮಳೆಯ ತೀವ್ರತೆ

ದೋಣಿಯ ಗಾತ್ರವನ್ನು ನಿಶ್ಚಯಿಸುವಾಗ ವಾರ್ಷಿಕ ಮಳೆಯ ಮೊತ್ತವನ್ನು ಆಧಾರವಾಗಿ ಹಿಡಿಯುವುದು ತಪ್ಪು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಸುಮಾರು 1,000 ಮಿಲಿಮೀಟರು. ಹಾಗೆಂದು ಆಗುಂಬೆಯ ದೋಣಿಯು ಬೆಂಗಳೂರಿನದಕ್ಕಿಂತ ಏಳು ಪಟ್ಟು ದೊಡ್ಡದಾಗಬೇಕಿಲ್ಲ. ಆಗುಂಬೆಯ ಮಳೆ ಹಗಲಿರುಳೆನ್ನದೆ ಬಹುಕಾಲ ಸುರಿಯುತ್ತದೆ. ಬೆಂಗಳೂರಿನ ಗುಡುಗು ಮಳೆಯಾದರೋ ಹತ್ತಿಪ್ಪತ್ತು ನಿಮಿಷಗಳ ಕಾಲ ಗಂಟೆಗೆ 100 ಮಿಲಿಮೀಟರನ್ನು ಮೀರಿದ ವೇಗದಲ್ಲಿ ಸುರಿಯಬಲ್ಲುದು. ದೋಣಿಗೆ ಪರೀಕ್ಷೆಯೊದಗುವುದು ಈ ಕೆಲವು ನಿಮಿಷಗಳಲ್ಲಿಯೇ. ಆದುದರಿಂದ ಗಂಟೆಗೆ 150 ಮಿಲಿಮೀಟರು ತೀವ್ರತೆಯನ್ನು ಇಲ್ಲಿ ಗಣನೆಗೆ ತೆಗೆದುಕೊಂಡಿದೆ.

ಗಾಳಿಯೊಡನೆ ಓರೆಯಾಗಿ ಬೀಳುವ ಮಳೆಯನ್ನು ಇಳಿಜಾರಾದ ಮಾಡು ಹೆಚ್ಚಾಗಿ ಹಿಡಿಯುತ್ತದೆ. ಇದಕ್ಕಾಗಿ ಮಾಡಿನ ಸಮತಲ ಕ್ಷೇತ್ರಕ್ಕೆ ಅದರ ಲಂಬ ಎತ್ತರದ ಅರ್ಧವನ್ನು ಉದ್ದದಿಂದ ಗುಣಿಸಿ ಸೇರಿಸುವುದು ವಾಡಿಕೆ. ಮೇಲಿನ ಮನೆಯ ಮಾಡಿನ ಇಳಿಜಾರು 30 ಅಂಶಗಳೆಂದು ಹಿಡಿದರೆ ಲಂಬ ಎತ್ತರ ಸುಮಾರು 2.3 ಮೀಟರು. ಆಗ ಲೆಕ್ಕಕ್ಕೆ ಬರುವ ಕ್ಷೇತ್ರ 48ರ ಬದಲು ಸುಮಾರು 62 ಚದರ ಮೀಟರು. ಗಂಟೆಗೆ 150 ಮಿಲಿಮೀಟರಿನಂತೆ ಈ ಮಾಡಿನಿಂದ ಸೆಕೆಂಡಿಗೆ ಸುಮಾರು 2.6 ಲೀಟರು ನೀರು ಬರುತ್ತದೆ.

4. ದೋಣಿಯ ಗಾತ್ರವೂ ಇಳಿಕೊಳವೆಯ ಸ್ಥಾನವೂ

ಅರ್ಧವೃತ್ತಾಕಾರದ ದೋಣಿಯನ್ನು ಸಮಮಟ್ಟದಲ್ಲಿ ಕೂಡಿಸಿ, ಕೊನೆಯಲ್ಲಿ ನೀರು ತಡೆಯಿಲ್ಲದೆ ಬೀಳುವಂತೆ ಮಾಡಿದರೆ ಅದು ಸಾಗಿಸಬಲ್ಲ ನೀರು ಸ್ಥೂಲವಾಗಿ ಹೀಗಿದೆ: 100 ಮಿಲಿಮೀಟರು ಅಗಲದ ದೋಣಿಗೆ ಸೆಕೆಂಡಿಗೆ 0.8 ಲೀಟರು, 125ಕ್ಕೆ 1.4, 150ಕ್ಕೆ 2.3, 200ಕ್ಕೆ 4.7. ಅಗಲವನ್ನು ಇಮ್ಮಡಿ ಮಾಡಿದರೆ ಸಾಮರ್ಥ್ಯ ಐದೂವರೆ ಪಟ್ಟಿಗೂ ಹೆಚ್ಚಾಗುವುದೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಅಂತೆಯೇ ಅಗಲದಲ್ಲಿ ಸ್ವಲ್ಪ ಜಿಪುಣತನ ಮಾಡಿದರೂ ಸಾಮರ್ಥ್ಯದಲ್ಲಿ ಬಹಳ ನಷ್ಟವಾಗುತ್ತದೆ.

ನಮ್ಮ ಉದಾಹರಣೆಯ ಮನೆಗೆ ಇಳಿಕೊಳವೆಯನ್ನು ಒಂದು ತುದಿಯಲ್ಲಿಟ್ಟರೆ 2.6 ಲೀಟರು ನೀರೆಲ್ಲವೂ ಅದೇ ತುದಿಗೆ ಹರಿಯಬೇಕು. 150 ಮಿಲಿಮೀಟರಿನ ದೋಣಿಯೂ ತುಂಬಿ ಹೊರಚೆಲ್ಲುವುದು. ಅದೇ ಕೊಳವೆಯನ್ನು ಸೂರಿನ ಮಧ್ಯಕ್ಕೆ ತಂದರೆ ದೋಣಿಯ ಒಂದೊಂದು ಅರ್ಧಕ್ಕೂ ಬರುವ ನೀರು 1.3 ಲೀಟರು ಮಾತ್ರ. 125 ಮಿಲಿಮೀಟರಿನ ದೋಣಿ ಇದಕ್ಕೆ ಸಾಕು. ಒಂದು ಕಾಸಿನ ಹೆಚ್ಚುವರಿ ಖರ್ಚಿಲ್ಲದೆ, ಕೇವಲ ಸ್ಥಾನದ ಬದಲಾವಣೆಯಿಂದ ಈ ಲಾಭ ದೊರೆಯುತ್ತದೆ. ಕೊಳವೆ ಮುಂಬಾಗಿಲ ಬಳಿ ಕಾಣಬಾರದೆಂದು ಮೂಲೆಗೆ ತಳ್ಳುವವರು ಈ ಲಾಭವನ್ನು ತಿಳಿಯದೆಯೇ ಬಿಟ್ಟುಕೊಡುತ್ತಾರೆ.

ಇನ್ನು ತಗಡಿನ ಲೆಕ್ಕ. ಪೇಟೆಯಲ್ಲಿ ದೊರೆಯುವ 1.22 ಮೀಟರು ಅಗಲ, 2.44 ಮೀಟರು ಉದ್ದದ ತಗಡನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದರೆ ಒಂದೊಂದು ಪಟ್ಟಿಯೂ 305 ಮಿಲಿಮೀಟರು ಅಗಲವಾಗುತ್ತದೆ. 150 ಮಿಲಿಮೀಟರಿನ ದೋಣಿಯ ಕಮಾನಿಗೆ 236 ಮಿಲಿಮೀಟರು ಹೋಗಿ, ಎರಡು ಅಂಚುಗಳನ್ನು ಮಡಿಸಲು ತಲಾ 34 ಮಿಲಿಮೀಟರು ಉಳಿಯುತ್ತದೆ. 125 ಮಿಲಿಮೀಟರಿನ ದೋಣಿಗೆ ಹೊರಟರೂ ಒಂದು ತಗಡಿನಿಂದ ಐದು ಪಟ್ಟಿಗಳು ಬಾರವು. ನಾಲ್ಕೇ ಬಂದು ಉಳಿದುದು ಚೂರಾಗುತ್ತದೆ. ಹೀಗಾಗಿ 150 ಮಿಲಿಮೀಟರಿನ ದೋಣಿಗೆ ತಗಡಿನ ಖರ್ಚು ಏನೂ ಹೆಚ್ಚದು. ಎಲೆಕಸಕ್ಕೂ ಅಸಾಧಾರಣ ಮಳೆಗೂ ಬೇಕಾದ ಮೀಸಲು ಸಾಮರ್ಥ್ಯ ಪುಕ್ಕಟೆಯಾಗಿ ದೊರೆಯುತ್ತದೆ. ಒಂದು ತಗಡಿನಿಂದ, ಕೂಡಿಕೆಗಳನ್ನು ಕಳೆದು, ಸುಮಾರು ಒಂಬತ್ತೂವರೆ ಮೀಟರು ದೋಣಿಯಾಗುವುದು.

5. ಸಾಮಗ್ರಿಗಳು

ಕರಾವಳಿಯಲ್ಲೂ ಮಲೆನಾಡಿನಲ್ಲೂ ಅಡಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆದು ತಿರುಳನ್ನು ತೆಗೆದು ಮಾಡಿದ ದಂಬೆ ಬಹುಕಾಲದಿಂದ ಬಳಕೆಯಲ್ಲಿದೆ. ತೋಟದಲ್ಲಿಯೇ ದೊರೆಯುವುದರಿಂದ ಇದಕ್ಕೆ ಬೆಲೆಯಿಲ್ಲ. ಆದರೆ ಕೆಲವೇ ಮಳೆಗಾಲಗಳಲ್ಲಿ ಕೊಳೆತುಹೋಗುತ್ತದೆ. ತೋಟವಿದ್ದವರಿಗೆ ಇದು ಒಳ್ಳೆಯದೇ. ಕೊಂಡು ತರುವವರಿಗೆ ಲಾಭವಿಲ್ಲ.

ಸತುವಿನ ಲೇಪವಿರುವ ಉಕ್ಕಿನ ತಗಡು ಸಾಮಾನ್ಯ ಕಟ್ಟಡಗಳಿಗೆ ಯೋಗ್ಯವಾದುದು. ಸತುವು ತಾನು ಸವೆದು ಉಕ್ಕನ್ನು ಕಾಪಾಡುತ್ತದೆ. ಆದಕಾರಣ ತಗಡಿನ ಬಾಳಿಕೆಯು ಮುಖ್ಯವಾಗಿ ಲೇಪದ ತೂಕವನ್ನು ಅನುಸರಿಸುತ್ತದೆ. ಎರಡೂ ಮೈ ಸೇರಿ ಚದರ ಮೀಟರಿಗೆ 275 ಗ್ರಾಂ ಸತುವಿರುವ ತಗಡನ್ನು ಕೇಳಿ ಕೊಳ್ಳತಕ್ಕದ್ದು. ಅದಕ್ಕಿಂತ ಅರ್ಧಕ್ಕೂ ಕಡಿಮೆ ಲೇಪವಿರುವ ತಗಡು ಕಣ್ಣಿಗೆ ಅದೇ ಹೊಳಪನ್ನು ತೋರುತ್ತದೆ. ಬಾಳಿಕೆಯಲ್ಲಿ ಮಾತ್ರ ಹಿಂದೆ ಬೀಳುತ್ತದೆ. ಒದ್ದೆಯಾದ ಎಲೆಕಸ ಸತುವಿಗೆ ದೊಡ್ಡ ಶತ್ರು. ಆದುದರಿಂದ ಒಳಮೈಗೆ ಡಾಂಬರು ಬಣ್ಣದ ಎರಡು ಲೇಪ ಕೊಡುವುದು ಲೇಸು. ಹೊಸ ಸತುವಿನ ಮೇಲೆ ಸಾಧಾರಣ ಎಣ್ಣೆಬಣ್ಣ ನಿಲ್ಲದೆ ಸುಲಿದುಬರುತ್ತದೆ. ಸತುವಿಗೆಂದೇ ತಯಾರಾದ ಮೊದಲ ಲೇಪ ಬೇಕು. ಮಿಂಚುವಾಹಕದ ತಾಮ್ರದ ಪಟ್ಟಿ ದೋಣಿಗೆ ತಾಗಬಾರದು. ತಾಮ್ರದ ಸಂಪರ್ಕದಲ್ಲಿ ಸತು ಬಹುಬೇಗ ನಾಶವಾಗುತ್ತದೆ.

ಸಮುದ್ರದ ಉಪ್ಪುಗಾಳಿ ಬೀಸುವಲ್ಲಿ ಪಿ.ವಿ.ಸಿ. ಹೆಚ್ಚು ಅನುಕೂಲ. 160 ಮಿಲಿಮೀಟರಿನ ಕೊಳವೆಯೊಂದನ್ನು ಉದ್ದಕ್ಕೆ ಸೀಳಿದರೆ ಎರಡು ದೋಣಿಗಳಾಗುತ್ತವೆ. ಆದರೆ ಅದಕ್ಕೆ ಎರಡು ದೋಷಗಳುಂಟು. ಮೊದಲನೆಯದು, ಬಿಸಿಲಿಗೆ ಕ್ರಮೇಣ ಪೆಡಸಾಗುವುದು; ಹೊರಮೈಗೆ ಬಿಳಿಯ ಬಣ್ಣ ಬಳಿದು ಇದನ್ನು ತಡಮಾಡಬಹುದು. ಎರಡನೆಯದು, ಉಷ್ಣದಿಂದ ಹಿಗ್ಗುವುದು. 10 ಮೀಟರು ಉದ್ದದ ಪಿ.ವಿ.ಸಿ. ದೋಣಿಯು ಉಷ್ಣತೆ 30 ಡಿಗ್ರಿ ಏರಿದಾಗ ಸುಮಾರು 2 ಸೆಂಟಿಮೀಟರು ಹಿಗ್ಗುತ್ತದೆ. ಅಷ್ಟೇ ಉದ್ದದ ಉಕ್ಕು 4 ಮಿಲಿಮೀಟರನ್ನೂ ಮುಟ್ಟದು. ಆದುದರಿಂದ ಇದನ್ನು ಮೊಳೆ ಹೊಡೆದು ಬಿಗಿಯದೆ, ಜಾರಲು ಎಡೆಯಿರುವ ಕ್ಲಾಂಪುಗಳಲ್ಲಿ ಕೂಡಿಸಬೇಕು. ಮೊಳೆಯ ಬಳಿಯೇ ಸೀಳುವ ದೋಣಿಗಳಲ್ಲಿ ಅನೇಕವು ಈ ಎಚ್ಚರಿಕೆಯಿಲ್ಲದೆ ಕೂಡಿಸಿದವು.

ಹಿಂದೆ ವ್ಯಾಪಕವಾಗಿದ್ದ ಆಸ್ಬೆಸ್ಟಾಸ್ ಸಿಮೆಂಟಿನ ದೋಣಿಗಳನ್ನು ಹೊಸದಾಗಿ ಬಳಸಕೂಡದು. ಅದರ ದೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಹಳೆಯವನ್ನು ಕೊಯ್ಯುವುದಾಗಲಿ ಒಡೆಯುವುದಾಗಲಿ ಸಲ್ಲದು.

6. ಕೂಡಿಸುವ ಕ್ರಮ

150 ಮಿಲಿಮೀಟರಿನ ದೋಣಿ ತುಂಬಿದಾಗ ಮೀಟರಿಗೆ ಸುಮಾರು 9 ಕಿಲೋಗ್ರಾಂ ನೀರಿರುತ್ತದೆ. ಅದರ ಮೇಲೆ ಒದ್ದೆ ಕಸದ ಭಾರ, ಹೆಂಚು ಸರಿಪಡಿಸಲು ಬಂದವನು ಚಾಚಿದ ಏಣಿಯ ಭಾರ. ಆದುದರಿಂದ ಕಬ್ಬಿಣದ ಪಟ್ಟಿಯ ಕ್ಲಾಂಪುಗಳನ್ನು 60ರಿಂದ 90 ಸೆಂಟಿಮೀಟರಿಗೊಂದರಂತೆ ಹೂಡಿ, ಪಕಾಸಿಗೆ ತಿರುಪುಮೊಳೆಯಿಂದ ಭದ್ರಪಡಿಸಬೇಕು. ರೀಪಿಗೆ ಹೊಡೆದ ಕ್ಲಾಂಪು ನಿಲ್ಲುವುದಿಲ್ಲ.

ಇಳಿಜಾರು 200ಕ್ಕೆ 1 ಇದ್ದರೆ ಸಾಕು. ಮಧ್ಯದಲ್ಲಿ ಕೊಳವೆಯಿರುವ 12 ಮೀಟರಿನ ದೋಣಿಯಲ್ಲಿ ಪ್ರತಿ ಅರ್ಧಕ್ಕೂ 3 ಸೆಂಟಿಮೀಟರು ಇಳಿತ. ಇದಕ್ಕಿಂತ ಹೆಚ್ಚಾದರೆ ದೋಣಿಯ ಕೆಳತುದಿ ಹೆಂಚಿನ ಅಂಚಿನಿಂದ ಬಹಳ ಕೆಳಗಾಗಿ, ರಭಸದ ನೀರು ಅದನ್ನು ದಾಟಿ ಬೀಳುತ್ತದೆ. ಇಳಿಜಾರೇ ಇಲ್ಲದಿದ್ದರೆ ಅಲ್ಲಲ್ಲಿ ನಿಂತ ನೀರಿನಲ್ಲಿ ಡೆಂಗೆ ಜ್ವರವನ್ನು ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಹೆಂಚಿನ ಅಂಚು ದೋಣಿಯೊಳಕ್ಕೆ ಸುಮಾರು 5 ಸೆಂಟಿಮೀಟರು ಚಾಚಿರಬೇಕು. ದೋಣಿಯ ಹೊರ ಅಂಚು ಒಳ ಅಂಚಿಗಿಂತ ಸ್ವಲ್ಪ ತಗ್ಗಾಗಿರಬೇಕು. ಕಸ ಕಟ್ಟಿಕೊಂಡು ದೋಣಿ ಉಕ್ಕಿದ ದಿನ ನೀರು ಗೋಡೆಯ ಕಡೆಗೆ ಹರಿಯದೆ ಅಂಗಳಕ್ಕೆ ಚೆಲ್ಲುತ್ತದೆ. ಕೂಡಿಕೆಗಳಲ್ಲಿ ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ 75 ಮಿಲಿಮೀಟರು ಸೇರಿರತಕ್ಕದ್ದು.

7. ಇಳಿಕೊಳವೆ

100 ಮಿಲಿಮೀಟರಿನ ಲಂಬವಾದ ಕೊಳವೆಯು ಮೂರನೆಯ ಒಂದು ಪಾಲು ತುಂಬಿ ಹರಿದರೂ ಸೆಕೆಂಡಿಗೆ ಸುಮಾರು 10 ಲೀಟರು ನೀರನ್ನು ಇಳಿಸಬಲ್ಲುದು. ನಮಗೆ ಬೇಕಾದುದು ಅದರ ಕಾಲು ಭಾಗ. ಹೀಗಿದ್ದೂ ದೋಣಿಗಳು ಉಕ್ಕುವುದಕ್ಕೆ ಕಾರಣ, ತಡೆಯಿರುವುದು ಕೊಳವೆಯಲ್ಲಲ್ಲ, ಅದರ ಬಾಯಿಯಲ್ಲಿ. ದೋಣಿಯ ತಳದಲ್ಲಿ ಸಣ್ಣ ತೂತು ಕೊರೆದು ಕೊಳವೆಯನ್ನು ಸಿಕ್ಕಿಸುವ ಬದಲು, ಬಾಯಿಯನ್ನು ಆಲಿಕೆಯಂತೆ ಅಗಲ ಮಾಡಿದರೆ ಒಂದು ಮೊಳ ತಗಡಿನ ಖರ್ಚಿನಲ್ಲಿ ತೊಂದರೆ ನೀಗುತ್ತದೆ. ಬಾಯಿಗೆ ಚಪ್ಪಟೆಯಾದ ಜಾಲರಿ ಹಾಸಬಾರದು. ನಾಲ್ಕೇ ಎಲೆಗಳು ಅದನ್ನು ಮುಚ್ಚಿಬಿಡುತ್ತವೆ. ತಂತಿಯನ್ನು ಗುಮ್ಮಟದಂತೆ ಬಗ್ಗಿಸಿ ನಿಲ್ಲಿಸಿದರೆ ಬುಡ ಮುಚ್ಚಿದರೂ ನೀರು ಮೇಲಿನಿಂದ ಇಳಿಯುವುದು.

ಕೊಳವೆಗೂ ಗೋಡೆಗೂ ನಡುವೆ ಎರಡು ಬೆರಳಿನ ಅಂತರವಿರಲಿ. ತಗಡಿನ ಕೊಳವೆಯಾದರೆ ಅದರ ಬೆಸುಗೆಯ ಗೆರೆ ಗೋಡೆಯ ಕಡೆಗಿರದೆ ಹೊರಮುಖವಾಗಿರಲಿ. ಸೋರಿದರೆ ಕೂಡಲೆ ಕಣ್ಣಿಗೆ ಬೀಳುವುದು. ಕೊಳವೆಯನ್ನು ಗೋಡೆಯೊಳಗೆ ಹುದುಗಿಸುವ ಪದ್ಧತಿ ನೋಟಕ್ಕೆ ಚೆಂದವಾದರೂ ಸೋರಿಕೆಯನ್ನು ಬಚ್ಚಿಡುವುದರಿಂದ ತ್ಯಾಜ್ಯ. ಕೆಳತುದಿಯನ್ನು ಹೊರಕ್ಕೆ ಬಾಗಿಸಿ, ಕಲ್ಲುಚಪ್ಪಡಿಯ ಮೇಲೆ ನೀರು ಬೀಳಿಸಿ, ಗೋಡೆಯಿಂದ ಒಂದು ಮೀಟರಿಗೆ ಕಡಿಮೆಯಿಲ್ಲದಷ್ಟು ದೂರ ಸಾಗಿಸಬೇಕು. ಈ ಕೊನೆಯ ಒಂದು ಮೀಟರನ್ನು ಮರೆತರೆ ಇಡೀ ಮಾಡಿನ ನೀರನ್ನು ಒಟ್ಟುಗೂಡಿಸಿ ಪಾಯದ ಒಂದೇ ಮೂಲೆಗೆ ಸುರಿದಂತಾಗುವುದು. ದೋಣಿಯಿಲ್ಲದಿದ್ದುದಕ್ಕಿಂತ ಅದು ಹೆಚ್ಚು ಕೇಡು.

8. ಪಾಲನೆ ಮತ್ತು ಉಪಸಂಹಾರ

ವರ್ಷಕ್ಕೆ ಎರಡು ಸಲವಾದರೂ ದೋಣಿಯನ್ನು ತೊಳೆಯಬೇಕು. ಕೃತ್ತಿಕಾ ಮಳೆ ಮುಗಿದು ರೋಹಿಣಿ ಹೂಡುವ ಮುನ್ನ ಒಂದು ಸಲ, ಪುಷ್ಯ ಆಶ್ಲೇಷಗಳ ನಡುವೆ ಬಿಡುವು ದೊರೆತಾಗ ಇನ್ನೊಂದು ಸಲ ಮಾಡುವುದು ನಮ್ಮ ನಾಡಿನ ಹವೆಗೆ ಹೊಂದುತ್ತದೆ. ಏಣಿಯಿಂದ ಕೈಗೆಟುಕದಷ್ಟು ಎತ್ತರದಲ್ಲಿ ಅಥವಾ ಅಲಂಕಾರದ ಹಲಗೆಯ ಹಿಂದೆ ಅಡಗಿರುವ ದೋಣಿಯನ್ನು ಯಾರೂ ತೊಳೆಯುವುದಿಲ್ಲವಾದ್ದರಿಂದ, ಕೈಗೆಟುಕುವಂತಿರುವುದೂ ರಚನೆಯ ಒಂದು ಗುಣವೆಂದೇ ಎಣಿಸಬೇಕು.

ಒಟ್ಟಿನಲ್ಲಿ, ಅಲ್ಪವೆಚ್ಚವೆಂದರೆ ಕಡಿಮೆ ಬೆಲೆಯ ಸಾಮಗ್ರಿ ಎಂದು ಅರ್ಥವಲ್ಲ; ಮೊದಲ ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿದಾಗ ಬರುವ ಮೊತ್ತವೇ ನಿಜವಾದ ವೆಚ್ಚ. ಆ ವರ್ಷಗಳನ್ನು ಹೆಚ್ಚಿಸುವ ಉಪಾಯಗಳಲ್ಲಿ ಬಹುಪಾಲು ಪುಕ್ಕಟೆಯಾದವು: ಕೊಳವೆಯನ್ನು ಮಧ್ಯಕ್ಕೆ ತರುವುದು, ತಗಡನ್ನು ಚೂರಾಗದಂತೆ ಸೀಳುವುದು, ಹೊರ ಅಂಚನ್ನು ತಗ್ಗಿಸುವುದು, ಬಾಯಿಯನ್ನು ಅಗಲಿಸುವುದು. ಇವಕ್ಕೆ ಬೇಕಾದುದು ನಕ್ಷೆ ಬರೆಯುವವನ ಅರ್ಧ ಗಂಟೆಯ ಆಲೋಚನೆ ಮಾತ್ರ. ಶಾಲೆ, ಅಂಗನವಾಡಿ, ಆಶ್ರಯ ಮನೆಗಳ ನಕ್ಷೆಗಳಲ್ಲಿ ದೋಣಿಯ ವಿವರಕ್ಕೆ ಪ್ರತ್ಯೇಕವಾದ ಒಂದು ಹಾಳೆಯನ್ನು ಮೀಸಲಿಡುವುದು ಈ ದಿಕ್ಕಿನಲ್ಲಿ ಮೊದಲ ಹೆಜ್ಜೆಯಾಗತಕ್ಕದ್ದು.